ನೂರ ಹದಿನೇಳು

ಶಾರ್ಜಾ, ಇಂಡಸ್ಟ್ರಿಯಲ್ ಏರಿಯಾ ಹತ್ತು.
ಟಯರ್ ಅಂಗಡಿಯ ಮೇಲಿನ ಮಹಡಿ,
ಏಸಿಯಿಂದ ಸೋರುವ ನೀರಿಗೆ ಒಂದು ಬಕೆಟ್ಟು.
ಇಲ್ಲಿ ಕೂತು ನಾನು ಊರು ಮಾಡುತ್ತೇನೆ,

ಇನ್ನೂರಕ್ಕೆ ಒಂದರ ಅಳತೆಯಲ್ಲಿ.
ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ,
ಕಟ್ಟಿದ್ದೇನೆ, ಲೆಕ್ಕವಿಟ್ಟಿಲ್ಲ.
ಸ್ಪಂಜು ಚಿವುಟಿ ಹಸಿರಲ್ಲಿ ಅದ್ದಿದರೆ ಬೇವು,
ನೀಲಿ ರೆಸಿನ್ನು ಸುರಿದರೆ ಈಜುಕೊಳ.
ಮನುಷ್ಯರು ಮಾತ್ರ ಚೀನಾದಿಂದ ಬರುತ್ತಾರೆ,
ಪ್ಯಾಕೆಟ್ಟಿಗೆ ನೂರು ಜನ, ಹದಿನೆಂಟು ದಿರ್ಹಮ್ಮು,
ಯಾರಿಗೂ ಮುಖವಿಲ್ಲ.

ಈವರೆಗೆ ಮಾಡಿದ್ದೆಲ್ಲ ಅಜ್ಮಾನಿನದು, ರಾಸ್ ಅಲ್ ಖೈಮಾದ್ದು.
ಈ ಸಲದ ನಕ್ಷೆಯ ಮೂಲೆಯಲ್ಲಿ
'ಹುಬ್ಬಳ್ಳಿ ಬೈಪಾಸಿನಿಂದ ಹನ್ನೆರಡು ನಿಮಿಷ' ಅಂತಿತ್ತು.
ಯಾರ ಗಾಡಿಯಲ್ಲಿ ಅಂತ ಬರೆದಿರಲಿಲ್ಲ.

ನೂರ ಹದಿನೇಳನ್ನು ಕೊರೆಯುವಾಗ ಬ್ಲೇಡು ನಿಂತಿತು.
ಮೂವತ್ತು ನಲವತ್ತು, ಪೂರ್ವಕ್ಕೆ ಮುಖ,
ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು.
ಅಂಗೈಯಲ್ಲಿಟ್ಟು ನೋಡಿದೆ. ಭಾರವೇ ಇಲ್ಲ.
ಹನ್ನೊಂದು ವರ್ಷದ ಉಳಿತಾಯ ಅದರ ಅರ್ಧಕ್ಕೆ ಬಂತು,
ಮಿಕ್ಕದ್ದು ಕಂತು.

ದಾಕ್ಷಾಯಣಿ ಫೋನಿನಲ್ಲಿ ಕೇಳಿದಳು:
'ನೀರು ಎಲ್ಲಿಂದ ಬರ್ತೈತಿ?'
'ಮಲಪ್ರಭಾದ್ದು ಅಂತ ಬರದೈತಿ.'
'ಬರದ್ರ ಬರ್ತೈತೇನು?
ಮತ್ತ ಆ ಗೇಟ್ ಯಾತಕ್ಕ? ನಮ್ಮ ದೊಡ್ಡವ್ವ
ರೊಟ್ಟಿ ಕಟಗೊಂಡು ಬಂದ್ರ ಆಕಿನೂ ಪುಸ್ತಕದಾಗ
ಹೆಸರು ಬರೀಬೇಕೇನು? ಆಕಿಗೆ ಬರಿಯಾಕ ಬರಂಗಿಲ್ಲ.'
'ಹೆಬ್ಬೆಟ್ಟು ಒತ್ತಲಿ' ಅಂದೆ.
ನಗಲಿಲ್ಲ.

ನನ್ನ ಹೆಬ್ಬೆಟ್ಟಿನ ಕಥೆಯೇ ಬೇರೆ.
ಅಂಟು ಕೂತು ಕೂತು ಗೆರೆಯೆಲ್ಲ ಸವೆದು
ದಿನಾ ಬೆಳಿಗ್ಗೆ ಹಾಜರಿಯ ಯಂತ್ರ
ಮೂರು ಸಲ ಕೇಳುತ್ತದೆ, ಯಾರು ನೀನು.

ತಮ್ಮನ ಬೈಕಿನಲ್ಲಿ ಅವಳೇ ಹೋಗಿ ನೋಡಿ ಬಂದಳು.
ಇಪ್ಪತ್ತೇಳು ನಿಮಿಷ.
ವಿಡಿಯೋದಲ್ಲಿ ಎರೆಮಣ್ಣು, ಸಾಲುಗಲ್ಲು,
ಕಲ್ಲಿನ ಮೇಲೆ ಕೆಂಪು ಅಂಕೆ.
ಗೇಟು ಇತ್ತು, ಗೋಡೆ ಇರಲಿಲ್ಲ,
ಬೈಕು ಪಕ್ಕದಿಂದ ಹಾದು ಹೋಯಿತು.
ನೂರ ಹದಿನೇಳರ ನಟ್ಟನಡುವೆ ಒಂದು ಜಾಲಿಗಿಡ,
ಗಿಡಕ್ಕೆ ಕಟ್ಟಿದ ಯಾರದೋ ಕರಿ ಆಡು,
ಹಗ್ಗ ನಿಲುಕುವಷ್ಟು ನೆಲ
ಗುಂಡಗೆ ಬೋಳಾಗಿತ್ತು.
'ಆಡಿನಾಕಿ ಕೇಳಿದ್ಲು, ತಗೊಂಡವ್ರು ನೀವೇನು,
ಗಿಡ ಕಡಸ್ತೀರೇನು ಅಂತ. ಏನ ಹೇಳ್ಲಿ?'

ಆ ರಾತ್ರಿ ಪೊರಕೆಕಡ್ಡಿ ಸೀಳಿ, ಸೆಣಬು ಹಿಂಜಿ,
ಚಹಾದ ಚರಟದಲ್ಲಿ ಅದ್ದಿ ಒಂದು ಜಾಲಿ ಮಾಡಿದೆ.
ಮೇಲಿನ ಮಂಚದಿಂದ ಶೊಫಿಕುಲ್ ಇಣುಕಿ
'ನಮ್ಮಲ್ಲೂ ಇದೆ, ಬಾಬ್ಲಾ' ಅಂದು ಮಗ್ಗುಲಾದ.

ದೇರಾದ ಹೋಟೆಲಿನಲ್ಲಿ ಮೇಳ.
ತಣ್ಣನೆ ಹಾಲು, ಬಾದಾಮಿ ಹಾಲು,
ಟೈ ಕಟ್ಟಿದವರ ಬಾಯಲ್ಲಿ ಕ್ಲಬ್‌ಹೌಸು.
ಮ್ಯಾನೇಜರು ಗಾಜಿನ ಮೇಲೆ ಬೆರಳಿಟ್ಟ, 'ಏನಿದು ಕಸ?'
'ಅಂಟು ಗಟ್ಟಿ ಸಾರ್, ಕಿತ್ತರೆ ಸೈಟೂ ಏಳುತ್ತದೆ.'
ಅದರ ಮೇಲೊಂದು ಕೆಂಪು ಚುಕ್ಕೆ ಅಂಟಿಸಿ ಹೋದ:
ಮಾರಾಟವಾಗಿದೆ.

ಅಬುಧಾಬಿಯಿಂದ ಬಂದ ದಂಪತಿ ಬಹಳ ಹೊತ್ತು ಬಗ್ಗಿ
ನೂರ ಹದಿನೆಂಟನ್ನು ನೋಡಿದರು. ಮೂಲೆ ಸೈಟು.
ಆಕೆ ಕೇಳಿದಳು, 'ನೀವು ಏಜೆಂಟರಾ?'
'ಅಲ್ಲ ಮೇಡಂ, ಪಕ್ಕದ ಮನೆಯವ.'
ಆತ ನನ್ನ ಕಂಪನಿಯ ಅಂಗಿ ನೋಡಿದ,
ಉಗುರಲ್ಲಿ ಒಣಗಿದ ಅಂಟು ನೋಡಿದ.
ಇನ್ನೂರ ನಾಲ್ಕಕ್ಕೆ ಮುಂಗಡ ಕೊಟ್ಟರು.

ರಾತ್ರಿ ಅವಳ ಮೆಸೇಜು:
'ಕಡಿಯಂಗಿಲ್ಲ ಅಂತ ಹೇಳೀನಿ. ಸದ್ಯಕ್ಕ.'

ಹಾಲು ಖಾಲಿಯಾಗಿತ್ತು. ಮಾದರಿಗೆ ಬಟ್ಟೆ ಹೊದಿಸುವ ಮುಂಚೆ
ಪ್ಯಾಕೆಟ್ಟು ಇನ್ನೊಮ್ಮೆ ಸುರಿದು ಹುಡುಕಿದೆ.
ಕಾರು ಒರೆಸುವವನಿದ್ದ, ನಾಯಿ ಹಿಡಿದವಳಿದ್ದಳು.
ಆಡು ಯಾರೂ ಮಾಡುವುದಿಲ್ಲ.

ಕಿಸೆಯಲ್ಲಿ ಮೆಸ್ಸಿನಿಂದ ತಂದ ಒಂದು ನುಚ್ಚಕ್ಕಿ.
ಕರಿ ಮಾರ್ಕರಿನ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆದೆ.